ಹತ್ತು ವರ್ಷ ಕಳೆದರೂ ಗ್ರೀನ್ ಕಾರ್ಡ್ ಯಾಕೆ ಬಂದಿಲ್ಲ? ಎಚ್-1ಬಿಯಿಂದ ಕೊನೆಯ ಅರ್ಜಿಯವರೆಗೆ

2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಘೋಷಣೆಗೆ ಸಹಿ ಹಾಕಿದರು. ಅಮೆರಿಕದಲ್ಲಿ ಕೆಲವು ವರ್ಷ ಕೆಲಸ ಮಾಡಲು ಸಿಗುವ ಎಚ್-1ಬಿ ವೀಸಾದ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕು ಅಂತ. ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ. ಆಮೇಲೆ ಸ್ಪಷ್ಟವಾಗಿದ್ದು ಇಷ್ಟು: ಸೆಪ್ಟೆಂಬರ್ 21ರ ನಂತರ ಸಲ್ಲಿಸುವ ಹೊಸ ಅರ್ಜಿಗಳಿಗೆ, ಅದರಲ್ಲೂ ಅಮೆರಿಕದ ಹೊರಗಿರುವವರಿಗೆ ಇದು ಮುಖ್ಯವಾಗಿ ತಟ್ಟುತ್ತದೆ. ಈಗಾಗಲೇ ಅಲ್ಲಿ ಸರಿಯಾದ ಸ್ಟೇಟಸ್‌ನಲ್ಲಿದ್ದು ಅವಧಿ ವಿಸ್ತರಿಸಿಕೊಳ್ಳುವವರಿಗೆ, ವಿದ್ಯಾರ್ಥಿ ವೀಸಾದಿಂದ ಅಲ್ಲಿದ್ದುಕೊಂಡೇ ಎಚ್-1ಬಿಗೆ ಬದಲಾಗುವವರಿಗೆ ಇದು ಅನ್ವಯಿಸುವುದಿಲ್ಲ ಅಂತ ಅಕ್ಟೋಬರ್‌ನಲ್ಲಿ ಯುಎಸ್‌ಸಿಐಎಸ್, ಅಂದರೆ ಅಲ್ಲಿನ ವಲಸೆ ಅರ್ಜಿಗಳನ್ನು ನೋಡುವ ಇಲಾಖೆ, ಹೇಳಿತು.

ಆದರೆ ಆ ಗಾಬರಿಯ ಹಿಂದೆ ಇನ್ನೊಂದು ಹಳೆಯ ಪ್ರಶ್ನೆ ಇದೆ. ಹೋಗಿ ಹನ್ನೆರಡು ವರ್ಷ ಆಯ್ತು, ಮನೆ ತಗೊಂಡ್ರು, ಮಕ್ಕಳು ಸ್ಕೂಲಿಗೆ ಹೋಗ್ತಿದ್ದಾರೆ, ತೆರಿಗೆ ಕಟ್ತಿದ್ದಾರೆ. ಆದರೂ ಗ್ರೀನ್ ಕಾರ್ಡ್, ಅಂದರೆ ಅಲ್ಲಿ ಕಾಯಂ ಆಗಿ ಇರುವ ಅನುಮತಿ, ಯಾಕೆ ಬಂದಿಲ್ಲ? ಇದಕ್ಕೆ ಉತ್ತರ ಅರ್ಥ ಆಗಬೇಕಾದರೆ ಇಡೀ ದಾರಿಯನ್ನು ಮೊದಲಿಂದ ನೋಡಬೇಕು. ಹಾಗೆ ನೋಡುವಾಗ ಪ್ರತಿ ಕಾಗದದ ಮುಂದೆಯೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಕಂಪನಿಯದ್ದಾ, ನನ್ನದಾ? ಈ ದಾರಿಯಲ್ಲಿ ಜನ ಕಷ್ಟಕ್ಕೆ ಸಿಕ್ಕಿಕೊಳ್ಳುವುದು ಜಾಸ್ತಿ ಆ ವ್ಯತ್ಯಾಸ ಗೊತ್ತಿಲ್ಲದೆ.

ವೀಸಾ, ಐ-94, ಐ-797: ಮೂರೂ ಬೇರೆ ಬೇರೆ

ಪಾಸ್‌ಪೋರ್ಟ್‌ನಲ್ಲಿ ಅಂಟಿಸುವ ವೀಸಾ ಸ್ಟ್ಯಾಂಪ್ ಅಮೆರಿಕದ ಬಾಗಿಲಿನ ತನಕ ಹೋಗೋಕೆ ಮಾತ್ರ. ಒಳಗೆ ಹೋದ ಮೇಲೆ ಎಷ್ಟು ದಿನ ಇರಬಹುದು ಅಂತ ಹೇಳುವುದು ಐ-94 ಎಂಬ ದಾಖಲೆ. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಅದನ್ನು ಕಂಪ್ಯೂಟರ್‌ನಲ್ಲಿ ದಾಖಲಿಸುತ್ತಾರೆ, ಆಮೇಲೆ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಬಹುದು. ಮೂರನೆಯದು ಐ-797. ಕಂಪನಿ ಹಾಕಿದ ಅರ್ಜಿಗೆ ಒಪ್ಪಿಗೆ ಸಿಕ್ಕಿದೆ ಅಂತ ಯುಎಸ್‌ಸಿಐಎಸ್ ಕಳಿಸುವ ಪತ್ರ.

ಹಾಗಾಗಿ ಸ್ಟ್ಯಾಂಪ್‌ನ ದಿನಾಂಕ ಮುಗಿದರೂ ಐ-94 ಚಾಲ್ತಿಯಲ್ಲಿದ್ದರೆ ಅಲ್ಲೇ ಇದ್ದು ಕೆಲಸ ಮಾಡಬಹುದು. ತೊಂದರೆ ಆಗುವುದು ದೇಶ ಬಿಟ್ಟು ಹೊರಗೆ ಬಂದಾಗ. ವಾಪಸ್ ಹೋಗೋಕೆ ಹೊಸ ಸ್ಟ್ಯಾಂಪ್ ಬೇಕು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯ್ತು, ಆದರೆ ವೀಸಾ ಸಂದರ್ಶನ ಅದರ ಜೊತೆಗೇ ಶುರುವಾಗಲಿಲ್ಲ. ನಮ್ಮವರು ಹಿಂದಿನಿಂದಲೂ ಚೆನ್ನೈಗೋ ಹೈದರಾಬಾದ್‌ಗೋ ಹೋಗುತ್ತಾ ಬಂದವರು. 2025ರ ಡಿಸೆಂಬರ್ 15ರಿಂದ ಎಚ್-1ಬಿ ಮತ್ತು ಎಚ್-4 (ಎಚ್-1ಬಿಯವರ ಗಂಡ, ಹೆಂಡತಿ, ಮಕ್ಕಳ ವೀಸಾ) ಅರ್ಜಿದಾರರ ಸೋಷಿಯಲ್ ಮೀಡಿಯಾ ಖಾತೆಗಳನ್ನೂ ನೋಡುವ ಪದ್ಧತಿ ಬಂತು. ಆಗ ರಜೆಗೆ ಅಂತ ಊರಿಗೆ ಬಂದಿದ್ದ ಎಷ್ಟೋ ಜನರ ಸಂದರ್ಶನದ ದಿನಾಂಕ ತಿಂಗಳುಗಟ್ಟಲೆ ಮುಂದಕ್ಕೆ ಹೋಯಿತು. ಮದುವೆಗೆ ಬಾ, ಗೃಹಪ್ರವೇಶಕ್ಕೆ ಬಾ ಅಂತ ಕರೆಯುವ ಮನೆಯವರಿಗೂ ಇದು ಗೊತ್ತಿರಲಿ. ಮಗ ಬರಲ್ಲ ಅಂದರೆ ಮನಸ್ಸಿಲ್ಲ ಅಂತ ಅಲ್ಲ, ಬಂದರೆ ವಾಪಸ್ ಹೋಗುವುದು ಯಾವಾಗ ಅನ್ನೋದು ಅವನ ಕೈಯಲ್ಲಿಲ್ಲ.

ಐ-94 ವಿಷಯದಲ್ಲಿ ಒಂದು ಎಚ್ಚರಿಕೆ. ಪಾಸ್‌ಪೋರ್ಟ್ ಬೇಗ ಮುಗಿಯುವುದಿದ್ದರೆ ಅಧಿಕಾರಿ ಐ-94ಗೆ ಆ ದಿನಾಂಕವನ್ನೇ ಹಾಕಬಹುದು. ಐ-797 ಇನ್ನೂ ಎರಡು ವರ್ಷ ಇದೆ ಅಂತ ಆರಾಮಾಗಿ ಇದ್ದವರು, ಐ-94 ಮುಗಿದದ್ದು ಗೊತ್ತಾಗದೆ ಅಕ್ರಮ ವಾಸದ ಲೆಕ್ಕಕ್ಕೆ ಬೀಳುತ್ತಾರೆ. ಪ್ರತಿ ಸಲ ದೇಶದೊಳಗೆ ಹೋದ ಮೇಲೆ ಐ-94 ತೆಗೆದು ನೋಡಿ. ಎರಡು ನಿಮಿಷದ ಕೆಲಸ.

ಎಚ್-1ಬಿ: ಅರ್ಜಿ ಹಾಕುವವರು ನೀವಲ್ಲ

ಎಚ್-1ಬಿ ಈಗಿನ ರೂಪಕ್ಕೆ ಬಂದದ್ದು 1990ರ ವಲಸೆ ಕಾಯ್ದೆಯಿಂದ. ಕನಿಷ್ಠ ಪದವಿ ಬೇಕಾಗುವಂಥ ವಿಶೇಷ ಕೆಲಸಕ್ಕೆ ಹೊರದೇಶದವರನ್ನು ಕರೆಸಿಕೊಳ್ಳುವ ದಾರಿ ಇದು. ಅರ್ಜಿ ಹಾಕುವುದು ಕಂಪನಿ. ಇಂಥ ಕೆಲಸ, ಇಂಥ ಊರು, ಇಷ್ಟು ಸಂಬಳ ಅಂತ ಮೊದಲು ಕಾರ್ಮಿಕ ಇಲಾಖೆಗೆ ಬರೆದುಕೊಟ್ಟು, ಆಮೇಲೆ ಯುಎಸ್‌ಸಿಐಎಸ್‌ಗೆ ಸಲ್ಲಿಸುತ್ತದೆ. ಹಾಗಾಗಿ ಎಚ್-1ಬಿ ಅನ್ನೋದು ಆ ಕಂಪನಿಗೆ, ಆ ಕೆಲಸಕ್ಕೆ ಕಟ್ಟಿದ ಅನುಮತಿ. ಕಂಪನಿ ಕಟ್ಟಬೇಕಾದ ಶುಲ್ಕವನ್ನು ನಿಮ್ಮ ಸಂಬಳದಿಂದ ಮುರಿದುಕೊಳ್ಳುವ ಹಾಗಿಲ್ಲ. ಪ್ರಾಜೆಕ್ಟ್ ಇಲ್ಲ ಅಂತ ಬೆಂಚ್ ಮೇಲೆ ಕೂರಿಸಿದರೂ ಸಂಬಳ ಕೊಡಲೇಬೇಕು. ಈ ಎರಡೂ ಕಾನೂನಿನಲ್ಲೇ ಇದೆ. ಸಣ್ಣ ಕನ್ಸಲ್ಟೆನ್ಸಿಗಳ ಮೂಲಕ ಹೋಗುವ ಹುಡುಗರು ಇದನ್ನು ಹೋಗೋ ಮುಂಚೆಯೇ ತಿಳಿದಿರಬೇಕು.

ವರ್ಷಕ್ಕೆ 65,000 ಹೊಸ ಎಚ್-1ಬಿ, ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಮಾಡಿದವರಿಗೆ ಇನ್ನೂ 20,000. ಕೇಳುವವರು ಇದಕ್ಕಿಂತ ಎಷ್ಟೋ ಜಾಸ್ತಿ, ಅದಕ್ಕೇ ಮಾರ್ಚ್‌ನಲ್ಲಿ ಹೆಸರು ನೋಂದಾಯಿಸಿ ಲಾಟರಿ. ಮೊದಲು ಎಲ್ಲ ಹೆಸರಿಗೂ ಒಂದೇ ಅವಕಾಶ ಇತ್ತು. 2025ರ ಡಿಸೆಂಬರ್‌ನಲ್ಲಿ ಪ್ರಕಟವಾದ ನಿಯಮ ಇದನ್ನು ಬದಲಿಸಿತು: ಸಂಬಳದ ನಾಲ್ಕು ಮಟ್ಟಗಳಲ್ಲಿ ಮೇಲಿನ ಮಟ್ಟದವರ ಹೆಸರು ನಾಲ್ಕು ಸಲ ಲಾಟರಿಗೆ ಬೀಳುತ್ತದೆ, ಕೆಳಗಿನ ಮಟ್ಟದವರದ್ದು ಒಂದೇ ಸಲ. ಆಗಷ್ಟೇ ಓದು ಮುಗಿಸಿದವರಿಗೆ ಇದು ಕಷ್ಟ. ವಿಶ್ವವಿದ್ಯಾಲಯಗಳಿಗೆ ಮತ್ತು ಲಾಭಕ್ಕಲ್ಲದ ಸಂಶೋಧನಾ ಸಂಸ್ಥೆಗಳಿಗೆ ಈ ಮಿತಿಯೇ ಇಲ್ಲ, ಅಲ್ಲಿ ಲಾಟರಿ ಇಲ್ಲದೆ ಅರ್ಜಿ ಹಾಕಬಹುದು.

ಆಯ್ಕೆಯಾದರೆ ಅಕ್ಟೋಬರ್ 1ರಿಂದ ಕೆಲಸ. ಮೊದಲು ಮೂರು ವರ್ಷ, ವಿಸ್ತರಿಸಿದರೆ ಒಟ್ಟು ಆರು. ಒಮ್ಮೆ ಆಯ್ಕೆಯಾದವರು ಕಂಪನಿ ಬದಲಿಸಿದರೆ ಮತ್ತೆ ಲಾಟರಿಗೆ ಹೋಗಬೇಕಿಲ್ಲ. ಆರು ವರ್ಷದ ಅವಧಿಯಲ್ಲಿ ಊರಿಗೆ ಬಂದು ಕಳೆದ ದಿನಗಳನ್ನು ಲೆಕ್ಕದಿಂದ ಬಿಡಿಸಿ ಕೊನೆಗೆ ಸೇರಿಸಿಕೊಳ್ಳಬಹುದು. ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟ್ ಮುದ್ರೆಗಳನ್ನು ಇಟ್ಟುಕೊಂಡಿರಬೇಕು ಅಷ್ಟೆ.

ಗ್ರೀನ್ ಕಾರ್ಡ್‌ಗೆ ಮೂರು ಮೆಟ್ಟಿಲು

ಎಚ್-1ಬಿ ತಾನಾಗಿ ಗ್ರೀನ್ ಕಾರ್ಡ್ ಆಗುವುದಿಲ್ಲ. ಅದಕ್ಕೆ ಬೇರೆಯೇ ದಾರಿ, ಬೇರೆಯೇ ಅರ್ಜಿಗಳು.

ಮೊದಲ ಮೆಟ್ಟಿಲು ಪರ್ಮ್. ಈ ಕೆಲಸಕ್ಕೆ ಅರ್ಹರಾದ, ಸಿದ್ಧರಿರುವ ಅಮೆರಿಕನ್ನರು ಸಿಗಲಿಲ್ಲ ಅಂತ ಕಂಪನಿ ಕಾರ್ಮಿಕ ಇಲಾಖೆಗೆ ತೋರಿಸಬೇಕು. ಆ ಕೆಲಸಕ್ಕೆ ಆ ಊರಿನಲ್ಲಿ ನಡೆಯುವ ಸಂಬಳ ಎಷ್ಟು ಅಂತ ಇಲಾಖೆಯಿಂದ ಮೊದಲು ತಿಳಿದುಕೊಳ್ಳಬೇಕು. ಇದಕ್ಕೇ ತಿಂಗಳುಗಳು ಹಿಡಿಯುತ್ತವೆ. ಆಮೇಲೆ ಜಾಹೀರಾತು: ಎರಡು ಭಾನುವಾರ ಪತ್ರಿಕೆಯಲ್ಲಿ, ರಾಜ್ಯದ ಉದ್ಯೋಗ ಕಚೇರಿಯಲ್ಲಿ 30 ದಿನ, ಕಚೇರಿಯೊಳಗೆ ನೋಟಿಸ್, ಜೊತೆಗೆ ಇನ್ನೂ ಮೂರು ಬಗೆಯ ಪ್ರಚಾರ. ಬಂದ ಅರ್ಜಿಗಳನ್ನು ನೋಡಬೇಕು. ಯಾರೂ ಸರಿಹೊಂದಲಿಲ್ಲ ಅಂದರೆ ಮಾತ್ರ ಪರ್ಮ್ ಸಲ್ಲಿಸಬಹುದು. ಇದರ ಪೂರ್ತಿ ಖರ್ಚು, ವಕೀಲರ ಫೀಸ್ ಸಮೇತ, ಕಂಪನಿಯದ್ದೇ.

ದೊಡ್ಡ ಕಂಪನಿಗಳು ಜನರನ್ನು ತೆಗೆದುಹಾಕಿದ ಮೇಲೆ ಪರ್ಮ್ ನಿಲ್ಲಿಸಿಬಿಡುತ್ತವೆ, ಅದಕ್ಕೂ ಕಾರಣ ಇಲ್ಲೇ ಇದೆ. ಹಿಂದಿನ ಆರು ತಿಂಗಳಲ್ಲಿ ಅದೇ ಬಗೆಯ ಕೆಲಸದಿಂದ ಆ ಪ್ರದೇಶದಲ್ಲಿ ಯಾರನ್ನಾದರೂ ತೆಗೆದಿದ್ದರೆ, ಆ ಅಮೆರಿಕನ್ನರಿಗೆ ಮೊದಲು ತಿಳಿಸಿ ಅವರನ್ನು ಪರಿಗಣಿಸಬೇಕು. ಸಾವಿರ ಜನ ಎಂಜಿನಿಯರುಗಳನ್ನು ಮನೆಗೆ ಕಳಿಸಿ, ಎಂಜಿನಿಯರ್ ಸಿಗುತ್ತಿಲ್ಲ ಅಂತ ಹೇಳಲು ಆಗಲ್ಲ ಅಲ್ವಾ. ಮ್ಯಾನೇಜರ್‌ಗೆ ನಿಮ್ಮ ಮೇಲೆ ಎಷ್ಟೇ ಒಳ್ಳೆಯ ಅಭಿಪ್ರಾಯ ಇದ್ದರೂ ಇದು ಅವರ ಕೈ ಮೀರಿದ್ದು.

ಪರ್ಮ್ ಸಲ್ಲಿಸಿದ ದಿನವೇ ನಿಮ್ಮ ಪ್ರಯಾರಿಟಿ ಡೇಟ್. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಮ್ಮ ಜಾಗವನ್ನು ಗುರುತಿಸುವ ದಿನಾಂಕ ಇದು. ಅಮೆರಿಕಕ್ಕೆ ಹೋದ ದಿನವಲ್ಲ, ಎಚ್-1ಬಿ ಸಿಕ್ಕ ದಿನವೂ ಅಲ್ಲ. 2014ರಲ್ಲಿ ಹೋಗಿ, ಕಂಪನಿ ಮುಂದೂಡುತ್ತಾ 2019ರಲ್ಲಿ ಪರ್ಮ್ ಹಾಕಿದರೆ, ಸಾಲಿನಲ್ಲಿ ಅವರು 2019ರವರು. ಹೊಸ ಕೆಲಸಕ್ಕೆ ಸೇರುವಾಗ ಸಂಬಳ, ಬೋನಸ್ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಪರ್ಮ್ ಯಾವಾಗ ಶುರು ಮಾಡುತ್ತೀರಿ ಅಂತ ಕೇಳೋಕೆ ಸಂಕೋಚ ಪಡುತ್ತಾರೆ. ಮೊದಲ ದಿನವೇ ಕೇಳಿ, ಸಾಧ್ಯವಾದರೆ ಬರಹದಲ್ಲಿ ತಗೊಳ್ಳಿ.

ಎರಡನೆಯ ಮೆಟ್ಟಿಲು ಐ-140. ಪರ್ಮ್ ಒಪ್ಪಿಗೆ ಆದ 180 ದಿನಗಳೊಳಗೆ ಕಂಪನಿ ಇದನ್ನು ಯುಎಸ್‌ಸಿಐಎಸ್‌ಗೆ ಹಾಕಬೇಕು. ಇಲ್ಲಿ ನೋಡುವುದು ಎರಡು: ನಿಮಗೆ ಆ ಅರ್ಹತೆ ಇದೆಯಾ, ಕಂಪನಿಗೆ ಆ ಸಂಬಳ ಕೊಡುವ ಶಕ್ತಿ ಇದೆಯಾ. ಹಳೆಯ ಕಂಪನಿಗಳಿಂದ ಅನುಭವ ಪತ್ರ ಬೇಕಾಗುವುದು ಈ ಹಂತಕ್ಕೆ. ಯಾವ ತಂತ್ರಜ್ಞಾನದಲ್ಲಿ ಏನು ಕೆಲಸ ಮಾಡಿದಿರಿ ಅಂತ ವಿವರವಾಗಿ ಬರೆದ ಪತ್ರ ಇರಬೇಕು, ಸುಮ್ನೆ ಸೇರಿದ ದಿನ, ಬಿಟ್ಟ ದಿನ ಬರೆದಿದ್ದರೆ ಸಾಲದು. ಬೆಂಗಳೂರಿನಲ್ಲಿ ಹತ್ತು ವರ್ಷದ ಹಿಂದೆ ಮಾಡಿದ ಕೆಲಸಕ್ಕೆ ಈಗ ಪತ್ರ ಕೇಳಿದರೆ ಆ ಕಂಪನಿಯೇ ಮುಚ್ಚಿರಬಹುದು. ಕೆಲಸ ಬಿಡುವಾಗಲೇ ತಗೊಂಡಿಟ್ಟುಕೊಳ್ಳುವುದು ಲೇಸು.

ಮೂರನೆಯದು ಐ-485. ಇದು ನಿಮ್ಮದೇ ಅರ್ಜಿ. ನೀವು, ನಿಮ್ಮ ಗಂಡ ಅಥವಾ ಹೆಂಡತಿ, ಮಕ್ಕಳು ಒಬ್ಬೊಬ್ಬರೂ ಬೇರೆ ಬೇರೆ ಹಾಕಬೇಕು. ವೈದ್ಯಕೀಯ ತಪಾಸಣೆಯ ವರದಿಯೂ ಅದರ ಜೊತೆಗೇ ಹೋಗಬೇಕು. ಆದರೆ ಸಾಲಿನಲ್ಲಿ ನಿಮ್ಮ ಸರದಿ ಬರುವ ತನಕ ಇದನ್ನು ಹಾಕುವ ಹಾಗಿಲ್ಲ. ಭಾರತದವರು ನಿಂತು ಕಾಯುವುದು ಎರಡನೆಯ ಮತ್ತು ಮೂರನೆಯ ಮೆಟ್ಟಿಲಿನ ನಡುವೆ, ಇಲ್ಲೇ.

ಸಾಲು ಯಾಕೆ ಇಷ್ಟು ಉದ್ದ?

ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಕನಿಷ್ಠ 1,40,000 ಗ್ರೀನ್ ಕಾರ್ಡ್. ಈ ಸಂಖ್ಯೆಯೂ 1990ರ ಕಾಯ್ದೆಯದ್ದೇ. ಇದನ್ನು ಐದು ವರ್ಗಗಳಿಗೆ ಹಂಚುತ್ತಾರೆ. ಇಬಿ-1 ಅಸಾಧಾರಣ ಸಾಧಕರಿಗೆ, ಹೆಸರಾದ ಸಂಶೋಧಕರಿಗೆ, ಬಹುರಾಷ್ಟ್ರೀಯ ಕಂಪನಿಗಳ ಮ್ಯಾನೇಜರುಗಳಿಗೆ. ಇಬಿ-2 ಸ್ನಾತಕೋತ್ತರ ಪದವಿ, ಇಲ್ಲವೇ ಪದವಿ ಮತ್ತು ಐದು ವರ್ಷ ಅನುಭವ ಬೇಕಾಗುವ ಕೆಲಸಕ್ಕೆ. ಇಬಿ-3 ಪದವಿ ಸಾಕಾಗುವ ಮತ್ತು ನುರಿತ ಕೆಲಸಗಳಿಗೆ. ಈ ಮೂರಕ್ಕೂ ತಲಾ 40,000ದಷ್ಟು. ಉಳಿದದ್ದು ಇಬಿ-4, ಇಬಿ-5ಕ್ಕೆ.

ಇದರ ಮೇಲೆ ಇನ್ನೊಂದು ಮಿತಿ ಇದೆ: ಯಾವ ಒಂದು ದೇಶಕ್ಕೂ ಶೇಕಡಾ 7ಕ್ಕಿಂತ ಹೆಚ್ಚು ಕೊಡಬಾರದು.

ಇದನ್ನು ಮದುವೆ ಮನೆಯ ಊಟದ ಪಂಕ್ತಿ ಅಂದುಕೊಳ್ಳಿ. ಪಂಕ್ತಿಗೆ ನೂರು ಎಲೆ. ಒಂದೊಂದು ಊರಿನವರಿಗೆ ಏಳೇ ಎಲೆ ಅಂತ ಯಜಮಾನರು ನಿಯಮ ಮಾಡಿದ್ದಾರೆ. ಹತ್ತು ಜನ ಬಂದ ಊರಿನವರು ಎರಡು ಪಂಕ್ತಿಯಲ್ಲಿ ಉಂಡು ಏಳುತ್ತಾರೆ. ಐನೂರು ಜನ ಬಂದ ಊರಿನವರಿಗೂ ಪಂಕ್ತಿಗೆ ಏಳೇ ಎಲೆ. ಅವರಲ್ಲಿ ಕೊನೆಯವನ ಊಟ ಎಪ್ಪತ್ತೆರಡನೆಯ ಪಂಕ್ತಿಯಲ್ಲಿ. ಉಳಿದ ಊರಿನವರು ಕಡಿಮೆ ಬಂದು ಎಲೆ ಖಾಲಿ ಉಳಿದರೆ ಮಾತ್ರ, ಕಾಯುತ್ತಿರುವವರಲ್ಲಿ ಮೊದಲು ಬಂದವರನ್ನು ಕರೆದು ಕೂರಿಸುತ್ತಾರೆ. ಜೊತೆಯಲ್ಲಿ ಬಂದ ಹೆಂಡತಿ, ಮಕ್ಕಳಿಗೂ ಒಂದೊಂದು ಎಲೆ ಲೆಕ್ಕ.

ಈಗ ನಿಜವಾದ ಲೆಕ್ಕ. ಇಬಿ-2ರ 40,000ದಲ್ಲಿ ಶೇಕಡಾ 7 ಅಂದರೆ 2,800. ನಾಲ್ಕು ಜನರ ಕುಟುಂಬಗಳೇ ಅಂತ ಇಟ್ಟುಕೊಂಡರೆ ವರ್ಷಕ್ಕೆ 700 ಕುಟುಂಬ. ಎಚ್-1ಬಿಗೆ ಹೀಗೆ ದೇಶವಾರು ಮಿತಿ ಇಲ್ಲ, ಅಲ್ಲಿ ಒಪ್ಪಿಗೆ ಪಡೆಯುವವರಲ್ಲಿ ಹೆಚ್ಚಿನವರು ಭಾರತೀಯರೇ. ಒಳಗೆ ಬರುವ ಬಾಗಿಲು ಅಗಲ, ಮುಂದಿನ ಬಾಗಿಲು ಕಿರಿದು. ಸಾಲು ಬೆಳೆಯದೆ ಇನ್ನೇನಾಗುತ್ತದೆ? ಕೋವಿಡ್ ಸಮಯದಲ್ಲಿ ಕುಟುಂಬ ವರ್ಗದ ಕಾರ್ಡ್‌ಗಳು ಉಳಿದು ಉದ್ಯೋಗ ವರ್ಗಕ್ಕೆ ಬಂದಿದ್ದರಿಂದ 2021 ಮತ್ತು 2022ರ ಲೆಕ್ಕದ ವರ್ಷಗಳಲ್ಲಿ ಒಟ್ಟು ಸಂಖ್ಯೆ ಎರಡೂವರೆ ಲಕ್ಷ ದಾಟಿತ್ತು. ಹಳೆಯ ದಿನಾಂಕದ ಅನೇಕರಿಗೆ ಆಗ ಸಿಕ್ಕಿತು. ಆ ಹೆಚ್ಚಳ ಈಗ ಇಲ್ಲ. 2022ರ ಕೊನೆಯಲ್ಲಿ ಬೇರೆ ದೇಶದವರಿಗೂ ಇಬಿ-2ರಲ್ಲಿ ಸಾಲು ಶುರುವಾಯಿತು, ಹಾಗಾಗಿ ಉಳಿದು ಬರುವುದೂ ಕಡಿಮೆಯಾಯಿತು.

ದೇಶ ಅಂದರೆ ಇಲ್ಲಿ ಪೌರತ್ವ ಅಲ್ಲ, ಹುಟ್ಟಿದ ಜಾಗ. ಭಾರತದಲ್ಲಿ ಹುಟ್ಟಿ ಕೆನಡಾ ಪೌರತ್ವ ತಗೊಂಡರೂ ನೀವು ಭಾರತದ ಸಾಲಿನಲ್ಲೇ. ಕರಾವಳಿಯ ಓದುಗರು ಇಲ್ಲಿ ಸ್ವಲ್ಪ ಗಮನ ಕೊಡಿ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಕುಟುಂಬಗಳ ಮಕ್ಕಳು ಹುಟ್ಟಿದ್ದು ಕುವೈತ್, ಮಸ್ಕತ್, ದುಬೈಗಳಲ್ಲಿ. ಪಾಸ್‌ಪೋರ್ಟ್ ಭಾರತದ್ದೇ ಆದರೂ ಅವರು ಹುಟ್ಟಿದ ದೇಶದ ಲೆಕ್ಕಕ್ಕೆ ಬರುತ್ತಾರೆ, ಅಲ್ಲಿ ಕಾಯುವಿಕೆ ತುಂಬಾ ಕಡಿಮೆ. ಇನ್ನೂ ಒಂದು ಇದೆ: ಗಂಡ ಹೆಂಡತಿಯಲ್ಲಿ ಒಬ್ಬರು ಅಂಥ ದೇಶದಲ್ಲಿ ಹುಟ್ಟಿದ್ದರೆ ಇನ್ನೊಬ್ಬರೂ ಅದೇ ಲೆಕ್ಕದಲ್ಲಿ ಅರ್ಜಿ ಹಾಕಬಹುದು. ಮಕ್ಕಳು ಹುಟ್ಟಿದ ದೇಶದ ಮೇಲೆ ತಂದೆ ತಾಯಿಗೆ ಈ ಅನುಕೂಲ ಸಿಗುವುದಿಲ್ಲ.

ಈ ಮಿತಿಯನ್ನು ತೆಗೆಯಲು ಪ್ರಯತ್ನ ನಡೆದಿಲ್ಲ ಅಂತಲ್ಲ. 2019ರ ಜುಲೈನಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ಒಂದು ಮಸೂದೆ 365–65 ಮತಗಳಿಂದ ಪಾಸಾಯಿತು. 2020ರ ಡಿಸೆಂಬರ್‌ನಲ್ಲಿ ಮೇಲ್ಮನೆ ಸೆನೆಟ್ ತನ್ನದೇ ತಿದ್ದುಪಡಿಗಳ ಜೊತೆ ಒಪ್ಪಿತು. ಎರಡೂ ರೂಪ ಒಂದಾಗುವ ಮೊದಲೇ ಆ ಸಂಸತ್ತಿನ ಅವಧಿ ಮುಗಿಯಿತು, ಮಸೂದೆ ಬಿದ್ದುಹೋಯಿತು.

ವೀಸಾ ಬುಲೆಟಿನ್ ಓದುವುದು ಹೇಗೆ

ಯಾರ ಸರದಿ ಬಂದಿದೆ ಅಂತ ಹೇಳುವುದು ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಹೊರಡಿಸುವ ವೀಸಾ ಬುಲೆಟಿನ್. ಅದರಲ್ಲಿ ಉದ್ಯೋಗ ವರ್ಗದ ಕೋಷ್ಟಕ, ಭಾರತದ ಕಾಲಂ, ನಿಮ್ಮ ವರ್ಗದ ಸಾಲು ನೋಡಿ. ಅಲ್ಲಿರುವ ದಿನಾಂಕಕ್ಕಿಂತ ನಿಮ್ಮ ಪ್ರಯಾರಿಟಿ ಡೇಟ್ ಹಿಂದಿನದಾದರೆ ನಿಮ್ಮದು ಕರೆಂಟ್, ಅಂದರೆ ನಿಮ್ಮ ಸರದಿ ಬಂದಿದೆ.

2025ರ ಸೆಪ್ಟೆಂಬರ್ ಬುಲೆಟಿನ್‌ನಲ್ಲಿ ಭಾರತದ ಇಬಿ-2ಕ್ಕೆ ಇದ್ದದ್ದು 2013ರ ಜನವರಿ 1. ಇಬಿ-3ಕ್ಕೆ 2013ರ ಮೇ 22. ಹನ್ನೆರಡು ವರ್ಷದ ಹಿಂದೆ ಸಾಲಿಗೆ ಸೇರಿದವರಿಗೆ ಆಗ ಎಲೆ ಸಿಕ್ಕಿದ್ದು. ಈ ದಿನಾಂಕ ತಿಂಗಳಿಗೊಂದು ತಿಂಗಳಂತೆ ಮುಂದೆ ಹೋಗುತ್ತದೆ ಅಂತ ಅಂದುಕೊಳ್ಳಬೇಡಿ. ತಿಂಗಳುಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ, ಹಿಂದಕ್ಕೂ ಹೋಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಭಾರತದ ಇಬಿ-2 ದಿನಾಂಕ 2014ರ ಡಿಸೆಂಬರ್ 1 ಇತ್ತು. ಮರುತಿಂಗಳು ಅದು 2012ರ ಏಪ್ರಿಲ್ 1ಕ್ಕೆ ಹೋಯಿತು. ಅವತ್ತು ಹಿಂದಕ್ಕೆ ಬಿದ್ದವರಲ್ಲಿ ಎಷ್ಟೋ ಜನ ಮೂರು ವರ್ಷ ಕಳೆದರೂ ಕಾಯುತ್ತಲೇ ಇದ್ದರು.

ಬುಲೆಟಿನ್‌ನಲ್ಲಿ ಎರಡು ಕೋಷ್ಟಕ ಇರುತ್ತವೆ. ಒಂದು ಕಾರ್ಡ್ ಕೊಡುವ ದಿನಾಂಕ, ಇನ್ನೊಂದು ಅರ್ಜಿ ಹಾಕಬಹುದಾದ ದಿನಾಂಕ. ಎರಡನೆಯದು ಸಾಮಾನ್ಯವಾಗಿ ಸ್ವಲ್ಪ ಮುಂದಿರುತ್ತದೆ. ಯಾವ ತಿಂಗಳು ಯಾವುದನ್ನು ಬಳಸಬೇಕು ಅಂತ ಯುಎಸ್‌ಸಿಐಎಸ್ ತನ್ನ ವೆಬ್‌ಸೈಟ್‌ನಲ್ಲಿ ಹೇಳುತ್ತದೆ. ಅರ್ಜಿ ಹಾಕಲು ಸಿಕ್ಕರೂ ದೊಡ್ಡ ಲಾಭವೇ. ಐ-485 ಬಾಕಿ ಇರುವಾಗ ಇಎಡಿ ಎಂಬ ಕೆಲಸದ ಪರವಾನಗಿ, ಹೊರದೇಶಕ್ಕೆ ಹೋಗಿ ಬರುವ ಅನುಮತಿ ಎರಡಕ್ಕೂ ಅರ್ಜಿ ಹಾಕಬಹುದು. ಅರ್ಜಿ ಹಾಕಿ 180 ದಿನ ದಾಟಿದರೆ, ಅದೇ ಬಗೆಯ ಕೆಲಸಕ್ಕೆ ಬೇರೆ ಕಂಪನಿಗೆ ಹೋದರೂ ಅರ್ಜಿ ಉಳಿಯುತ್ತದೆ. ಕಂಪನಿಗೆ ಕಟ್ಟಿದ ಹಗ್ಗ ನಿಜವಾಗಿ ಸಡಿಲವಾಗುವುದು ಆಗಲೇ.

ಎನ್‌ಐಡಬ್ಲ್ಯೂ ಬಗ್ಗೆ ಬಹಳ ಜನ ಕೇಳುತ್ತಾರೆ. ದೇಶಕ್ಕೆ ಉಪಯೋಗವಾಗುವ ಕೆಲಸ ನನ್ನದು ಅಂತ ತೋರಿಸಿ, ಕಂಪನಿ ಇಲ್ಲದೆ, ಪರ್ಮ್ ಇಲ್ಲದೆ ತಾವೇ ಅರ್ಜಿ ಹಾಕುವ ದಾರಿ ಅದು. ನಿಜವಾಗಿ ಒಳ್ಳೆಯದು, ಆದರೆ ಅದೂ ಇಬಿ-2ರ ಸಾಲೇ. ಭಾರತದಲ್ಲಿ ಹುಟ್ಟಿದವರಿಗೆ ಕಾಯುವುದು ತಪ್ಪುವುದಿಲ್ಲ.

ಆರು ವರ್ಷ ಮುಗಿದ ಮೇಲೂ ಇರುವುದು ಹೇಗೆ?

2000ದಲ್ಲಿ ಬಂದ ಎಸಿ-21 ಎಂಬ ಕಾಯ್ದೆಯಿಂದ. ಐ-140 ಒಪ್ಪಿಗೆಯಾಗಿ ಸರದಿ ಬರದೆ ಇದ್ದರೆ ಎಚ್-1ಬಿಯನ್ನು ಮೂರು ಮೂರು ವರ್ಷ ವಿಸ್ತರಿಸುತ್ತಾ ಹೋಗಬಹುದು. ಪರ್ಮ್ ಹಾಕಿ 365 ದಿನ ದಾಟಿ ಇನ್ನೂ ತೀರ್ಮಾನವಾಗದಿದ್ದರೆ ಒಂದೊಂದು ವರ್ಷ. ಅದಕ್ಕೇ ಐದನೆಯ ವರ್ಷ ಮುಗಿಯುವ ಮೊದಲು ಪರ್ಮ್ ಸಲ್ಲಿಸಿರಬೇಕು ಅಂತ ಎಲ್ಲರೂ ಹೇಳುವುದು. ಸಂಬಳದ ನಿರ್ಣಯ, ಜಾಹೀರಾತು ಎಲ್ಲ ಸೇರಿದರೆ ಮೂರನೆಯ ವರ್ಷದಲ್ಲೇ ಮಾತು ಶುರು ಮಾಡಿದರೂ ಬೇಗ ಅಲ್ಲ.

ಕಂಪನಿ ಬದಲಿಸಿದರೆ ಏನಾಗುತ್ತದೆ? ಪರ್ಮ್ ಮತ್ತು ಐ-140 ಹಳೆಯ ಕಂಪನಿಯವು. ಹೊಸ ಕಂಪನಿ ಎರಡನ್ನೂ ಮೊದಲಿಂದ ಮಾಡಬೇಕು. ಆದರೆ ಐ-140 ಒಮ್ಮೆ ಒಪ್ಪಿಗೆಯಾಗಿದ್ದರೆ ಪ್ರಯಾರಿಟಿ ಡೇಟ್ ನಿಮ್ಮದು. ಮೋಸ, ಸುಳ್ಳು ಮಾಹಿತಿ ಅಥವಾ ದೊಡ್ಡ ತಪ್ಪಿನ ಕಾರಣಕ್ಕೆ ರದ್ದಾಗದಿದ್ದರೆ ಹೊಸ ಅರ್ಜಿಗೂ ಅದೇ ದಿನಾಂಕ ಬರುತ್ತದೆ. ಒಪ್ಪಿಗೆಯಾಗಿ 180 ದಿನ ದಾಟಿದ ಮೇಲೆ ಹಳೆಯ ಕಂಪನಿ ಐ-140 ಹಿಂದಕ್ಕೆ ತೆಗೆದುಕೊಂಡರೂ ಎಚ್-1ಬಿ ವಿಸ್ತರಣೆಗೆ ಅದನ್ನು ಬಳಸಬಹುದು. ಕೆಲಸ ಬಿಡುವ ಯೋಚನೆ ಇರುವವರು ಆ 180 ದಿನ ಎಣಿಸುತ್ತಾ ಕೂರುವುದು ಇದಕ್ಕೇ. ಐ-140ರ ಒಪ್ಪಿಗೆ ಪತ್ರದ ಪ್ರತಿ ಕೇಳಿ ಪಡೆಯಿರಿ. ಕೆಲವು ಕಂಪನಿಗಳು ಕೊಡಲು ಹಿಂದೆಮುಂದೆ ನೋಡುತ್ತವೆ, ಆಗ ರಸೀದಿ ಸಂಖ್ಯೆಯನ್ನಾದರೂ ಬರೆದಿಟ್ಟುಕೊಳ್ಳಿ. ಕಂಪನಿ ನೇಮಿಸಿದ ವಕೀಲರು ಕಂಪನಿಯ ಹಿತವನ್ನೂ ನೋಡಬೇಕಾದವರು. ಕೆಲಸ ಬಿಡುವ ವಿಚಾರವನ್ನು ನಿಮ್ಮದೇ ವಕೀಲರ ಹತ್ತಿರ ಮಾತಾಡುವುದು ಒಳ್ಳೆಯದು.

ಕೆಲಸ ಹೋದರೆ 60 ದಿನ. ಐ-94 ಅದಕ್ಕೂ ಮೊದಲು ಮುಗಿಯುವುದಾದರೆ ಅಷ್ಟೇ ದಿನ. ಎಣಿಕೆ ಶುರುವಾಗುವುದು ಸಾಮಾನ್ಯವಾಗಿ ಸಂಬಳ ಸಿಕ್ಕ ಕೊನೆಯ ದಿನದ ಮರುದಿನದಿಂದ. ಬಿಡುಗಡೆ ಹಣವಾಗಿ ಮೂರು ತಿಂಗಳ ಸಂಬಳ ಕೊಟ್ಟರೂ ಅದರಿಂದ ದಿನ ಜಾಸ್ತಿ ಆಗಲ್ಲ. ಅಷ್ಟರೊಳಗೆ ಹೊಸ ಕಂಪನಿ ಎಚ್-1ಬಿ ಅರ್ಜಿ ಸಲ್ಲಿಸಬೇಕು. ಸಲ್ಲಿಕೆಯಾದರೆ ಒಪ್ಪಿಗೆಗೆ ಕಾಯದೆ ಕೆಲಸಕ್ಕೆ ಸೇರಬಹುದು. ಇಲ್ಲವಾದರೆ ಸಂಗಾತಿಯ ಎಚ್-1ಬಿ ಮೇಲೆ ಎಚ್-4ಕ್ಕೋ, ಸಂದರ್ಶಕರ ಸ್ಟೇಟಸ್‌ಗೋ ಬದಲಿಸಲು ಅರ್ಜಿ ಹಾಕಬೇಕು, ಅಥವಾ ಹೊರಡಬೇಕು. ಮನೆ, ಕಾರು, ಮಕ್ಕಳ ಶಾಲೆ, ಎಲ್ಲವೂ ಆ ಎರಡು ತಿಂಗಳೊಳಗೆ. ಅಲ್ಲಿ ಲೇಆಫ್ ಸುದ್ದಿ ಬಂದಾಗ ಇಲ್ಲಿ ಅಪ್ಪ ಅಮ್ಮ ನಿದ್ದೆಗೆಡುವುದು ಸುಮ್ನೆ ಅಲ್ಲ.

ಹೆಂಡತಿ, ಗಂಡ, ಮಕ್ಕಳು

ಎಚ್-4ರಲ್ಲಿ ಬಂದ ಸಂಗಾತಿ ಕೆಲಸ ಮಾಡುವ ಹಾಗಿರಲಿಲ್ಲ. 2015ರ ಮೇ ತಿಂಗಳಿಂದ, ಎಚ್-1ಬಿ ಇರುವವರ ಐ-140 ಒಪ್ಪಿಗೆಯಾಗಿದ್ದರೆ ಅವರಿಗೂ ಇಎಡಿ ಸಿಗುತ್ತದೆ. ನವೀಕರಣಕ್ಕೆ ಅರ್ಜಿ ಹಾಕಿದರೆ ಹಳೆಯ ಕಾರ್ಡ್ ತಾನಾಗಿ ಮುಂದುವರಿಯುವ ಅನುಕೂಲ ಇತ್ತು, 2025ರ ಅಕ್ಟೋಬರ್ 30ರಿಂದ ಹಾಕುವ ಅರ್ಜಿಗಳಿಗೆ ಅದು ಇಲ್ಲ. ಕಾರ್ಡ್ ಮುಗಿಯುವ 180 ದಿನ ಮೊದಲೇ ಅರ್ಜಿ ಹಾಕಬಹುದು, ಹಾಕಿ. ಹೊಸದು ಬರುವುದು ತಡವಾದರೆ ಆ ದಿನಗಳಲ್ಲಿ ಕೆಲಸ ನಿಲ್ಲಿಸಬೇಕಾಗುತ್ತದೆ.

ಮಕ್ಕಳದ್ದು ಇದಕ್ಕಿಂತ ನೋವಿನ ವಿಷಯ. ನಾಲ್ಕು ವರ್ಷದವನಿದ್ದಾಗ ದಾವಣಗೆರೆಯಿಂದ ಹೋದ ಹುಡುಗ ಅಲ್ಲೇ ಓದಿ ಬೆಳೆದಿರುತ್ತಾನೆ. ಅಲ್ಲೇ ಹುಟ್ಟಿದ ತಂಗಿ ಅಮೆರಿಕದ ಪ್ರಜೆ. ಇವನಿಗೆ 21 ತುಂಬಿದರೆ ತಂದೆ ತಾಯಿಯ ಅರ್ಜಿಯಲ್ಲಿ ಜಾಗ ಇಲ್ಲ. ಎಚ್-4 ಕೂಡ ಮುಗಿಯುತ್ತದೆ. ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು, ಆಮೇಲೆ ಅಪ್ಪ ಹಿಡಿದ ದಾರಿಯನ್ನೇ ಮೊದಲಿಂದ ಹಿಡಿಯಬೇಕು. 2002ರ ಒಂದು ಕಾಯ್ದೆ ಸ್ವಲ್ಪ ರಕ್ಷಣೆ ಕೊಡುತ್ತದೆ: ಸರದಿ ಬಂದ ದಿನದ ವಯಸ್ಸಿನಿಂದ ಐ-140 ಇಲಾಖೆಯಲ್ಲಿ ಬಾಕಿ ಇದ್ದ ದಿನಗಳನ್ನು ಕಳೆಯುತ್ತಾರೆ, ಉಳಿದದ್ದು 21ಕ್ಕಿಂತ ಕಡಿಮೆ ಇದ್ದರೆ ಆಯ್ತು. ಆದರೆ 2025ರ ಆಗಸ್ಟ್ 15ರಿಂದ ಸರದಿ ಬಂದ ದಿನ ಅಂದರೆ ಕಾರ್ಡ್ ಕೊಡುವ ಕೋಷ್ಟಕದ ದಿನಾಂಕವೇ. ಬೇಗ ಬರುವ ಅರ್ಜಿ ಕೋಷ್ಟಕದ ದಿನಾಂಕ ಲೆಕ್ಕಕ್ಕಿಲ್ಲ. ಇನ್ನು ಅಲ್ಲಿ ಹುಟ್ಟಿದ ಮಗು ತಂದೆ ತಾಯಿಗೆ ಗ್ರೀನ್ ಕಾರ್ಡ್ ಕೊಡಿಸುತ್ತದೆ ಅನ್ನುವ ಮಾತು ಊರಲ್ಲಿ ಕೇಳಿಬರುತ್ತದೆ. ಆ ಮಗುವಿಗೂ 21 ತುಂಬುವ ತನಕ ಅದಕ್ಕೆ ಅವಕಾಶ ಇಲ್ಲ.

ಊರಿನ ಕಾಗದಗಳು

ಐ-485 ಹಾಕುವ ತಿಂಗಳು ಬಂದಾಗ ಓಡಾಟ ಶುರುವಾಗುವುದು ಅಮೆರಿಕದಲ್ಲಲ್ಲ, ತಾಲ್ಲೂಕು ಕಚೇರಿಯಲ್ಲಿ. ಜನನ ಪ್ರಮಾಣಪತ್ರ ಬೇಕು. ಜನನ ಮರಣ ನೋಂದಣಿ ಕಾಯ್ದೆ ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಿಂದ, ಆದರೂ ಎಪ್ಪತ್ತು, ಎಂಬತ್ತರ ದಶಕದಲ್ಲಿ ಹಳ್ಳಿಯ ಮನೆಯಲ್ಲಿ ಹುಟ್ಟಿದವರ ಹೆಸರು ಎಷ್ಟೋ ಕಡೆ ಬರೆಸಿಲ್ಲ. ಬರೆಸಿದ್ದರೂ ಮಗುವಿನ ಹೆಸರಿನ ಜಾಗ ಖಾಲಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಹಾಕಿದ್ದಾರೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅದೇ ಬಂದಿದೆ, ಪಾಸ್‌ಪೋರ್ಟ್‌ನಲ್ಲೂ ಅದೇ. ಆಸ್ಪತ್ರೆಯ ದಾಖಲೆಯಲ್ಲಿ ನಿಜವಾದ ದಿನ ಬೇರೆ ಇದ್ದರೆ ಎರಡಕ್ಕೂ ತಾಳೆಯಾಗುವುದಿಲ್ಲ. ಅಲ್ಲಿಂದ ಆರ್‌ಎಫ್‌ಇ, ಅಂದರೆ ಇನ್ನಷ್ಟು ದಾಖಲೆ ಕೊಡಿ ಅನ್ನುವ ಪತ್ರ ಬರುತ್ತದೆ.

ಹೆಸರಿನದ್ದೂ ಇದೇ ಕಥೆ. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್‌ನಲ್ಲಿ. ಅಂಕಪಟ್ಟಿಯಲ್ಲಿ ಮಂಜುನಾಥ ಬಿ. ಆರ್., ಪಾಸ್‌ಪೋರ್ಟ್‌ನಲ್ಲಿ ಬಸವನಹಳ್ಳಿ ರಂಗಪ್ಪ ಮಂಜುನಾಥ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಬಿಟ್ಟಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬರುತ್ತದೆ. ಇವೆಲ್ಲ ಒಬ್ಬರದ್ದೇ ಹೆಸರು ಅಂತ ಅಫಿಡವಿಟ್ ಬೇಕು. ಮದುವೆ ನೋಂದಣಿ ಮಾಡಿಸದವರು ಅದನ್ನೂ ಮಾಡಿಸಿಕೊಳ್ಳಬೇಕು.

ಜನನ ನೋಂದಣಿಯೇ ಆಗಿಲ್ಲ ಅಂದರೆ ದಾರಿ ಇದೆ. ಹುಟ್ಟಿದ ಊರಿನ ನೋಂದಣಾಧಿಕಾರಿಯಿಂದ ದಾಖಲೆ ಲಭ್ಯವಿಲ್ಲ ಎಂಬ ಪ್ರಮಾಣಪತ್ರ ತೆಗೆಸಬೇಕು. ಹಳ್ಳಿಯಾದರೆ ಗ್ರಾಮ ಆಡಳಿತ ಅಧಿಕಾರಿಯನ್ನು (ಹಿಂದೆ ಗ್ರಾಮ ಲೆಕ್ಕಿಗರು ಅಂತಿದ್ದವರು) ಅಥವಾ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ, ಪಟ್ಟಣವಾದರೆ ಪುರಸಭೆ ಅಥವಾ ನಗರಸಭೆ. ಅದರ ಜೊತೆ ಹುಟ್ಟಿದ ದಿನಾಂಕ, ತಂದೆ ತಾಯಿಯ ಹೆಸರು ಇರುವ ಶಾಲಾ ದಾಖಲೆ. ಈಗ ತಡವಾಗಿ ನೋಂದಣಿ ಮಾಡಿಸಿ ಹೊಸ ಪ್ರಮಾಣಪತ್ರ ತಂದರೆ ಸಾಲದೇ ಅಂತ ಕೇಳುವವರಿದ್ದಾರೆ. ಒಂದು ವರ್ಷ ದಾಟಿದ ಜನನಕ್ಕೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಅಷ್ಟು ಮಾಡಿ ತಂದರೂ, ನಲವತ್ತು ವರ್ಷ ತಡವಾಗಿ ಬರೆಸಿದ್ದು ಅಂತ ಗೊತ್ತಾದರೆ ಯುಎಸ್‌ಸಿಐಎಸ್ ಹಳೆಯ ದಾಖಲೆಗಳನ್ನೂ ಕೇಳಬಹುದು. ಹಾಗಾಗಿ ಎರಡೂ ಕಡತದಲ್ಲಿರಲಿ.

ಇದರ ಮೇಲೆ ಇಬ್ಬರ ಅಫಿಡವಿಟ್ ಬೇಕು. ನೀವು ಹುಟ್ಟಿದ್ದನ್ನು ಸ್ವತಃ ಬಲ್ಲವರು, ಅಂದರೆ ಆಗ ಬುದ್ಧಿ ಬಲಿತಿದ್ದ ದೊಡ್ಡವರು, ನೋಟರಿ ಮುಂದೆ ಸಹಿ ಹಾಕಿ ಕೊಡುವ ಹೇಳಿಕೆ. ತಂದೆ ತಾಯಿ ಕೊಡಬಹುದು, ದೊಡ್ಡಪ್ಪ, ಸೋದರತ್ತೆ, ಅಜ್ಜಿ ಕೊಡಬಹುದು. ಪ್ರಯಾರಿಟಿ ಡೇಟ್ ಇನ್ನೂ ಹತ್ತು ವರ್ಷ ದೂರ ಇದೆ ಅಂತ ಇದನ್ನು ಮುಂದಕ್ಕೆ ಹಾಕುವವರೇ ಜಾಸ್ತಿ. ಈಗ ಎಪ್ಪತ್ತೈದು ದಾಟಿರುವ ದೊಡ್ಡಪ್ಪನ ಹತ್ತಿರ ಈ ಸಲ ಊರಿಗೆ ಹೋದಾಗಲೇ ಸಹಿ ಹಾಕಿಸಿಕೊಂಡು, ಮೂಲ ಪ್ರತಿಯನ್ನು ಜೊತೆಯಲ್ಲಿ ತನ್ನಿ. ಊರಿಗೆ ಹೋಗಲು ಆಗದವರು ಕರಡು ಕಳಿಸಿದರೆ, ತಾಲ್ಲೂಕಿನ ನೋಟರಿ ಹತ್ತಿರ ಮನೆಯವರೇ ಮಾಡಿಸಿ ಕೊರಿಯರ್ ಮಾಡಬಹುದು. ಅದರಲ್ಲಿ ನಿಮ್ಮ ಹೆಸರಿನ ಕಾಗುಣಿತ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಅಕ್ಷರ ಅಕ್ಷರ ಇದೆಯಾ ಅಂತ ಸಹಿಗೆ ಮೊದಲು ಫೋಟೋ ತರಿಸಿಕೊಂಡು ನೋಡಿ.